ಬಂಡಿದಾರಿಯ ಅಂಚು

ಗೊಬ್ಬೂರಿನಲ್ಲಿ ಬಸ್ಸಿಳಿದ ಮಧುಮತಿ, ತಾನು ಮೆಚ್ಚಿದ್ದ ಸೂರ್ಯಕಾಂತ ಎದುರಿಗೇ ನಿಂತಿದ್ದುದನ್ನು ಕಂಡು ಅಲ್ಲೇ ನಿಂತಳು. ವರ್ಷದ ಮೇಲಾಗಿತ್ತು ಅವನನ್ನು ನೋಡಿ. ಅವನು ಮೊದಲು ನೋಡಿದ್ದು ಅವಳ ಮುಖವನ್ನಲ್ಲ... ಕಾಲನ್ನು!

ಅವಳ ಮನಸ್ಸು ಮುದುಡಿತು.

ಹುಟ್ಟಿನಿಂದಲೇ ಅವಳ ಎಡಗಾಲು ಗಿಡ್ಡ. ಈ ಒಂದು ವರ್ಷ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಎಲುಬು ಕತ್ತರಿಸಿ, ಸುತ್ತ ಉಕ್ಕಿನ ಬಳೆಗಳನ್ನು ಬಿಗಿದು, ದಿನವೂ ಕೂದಲೆಳೆಯಷ್ಟು ಹಿಗ್ಗಿಸಿ ಉದ್ದ ಮಾಡಿದ್ದರು. ಮಗಳ ಕಾಲು ಸಮವಾಗಲೆಂದು ನಿತ್ಯ ದೇವರ ಮುಂದೆ ದೀಪ ಹಚ್ಚುತ್ತಿದ್ದ ತಂದೆ ಧರ್ಮಣ್ಣ, ಅವಳು ಎದ್ದು ನಡೆಯುವ ಮೊದಲೇ ತೀರಿಕೊಂಡ. ದೇವರ ಇಚ್ಛೆಯನ್ನು ಪ್ರಶ್ನಿಸುವವರು ನಾವಾರು?

ಈಗ ಎರಡೂ ಕಾಲು ಸಮ. ಆದರೆ ಎಲುಬು ಬೆಳೆದಷ್ಟು ಮೀನಖಂಡ ಬೆಳೆಯಲಿಲ್ಲ. ಹಿಮ್ಮಡಿ ನೆಲಕ್ಕೆ ಪೂರ್ತಿ ಊರದು. ಬೆರಳುಗಳೇ ಮೊದಲು ತಾಗಿ, ಪಾದ ಒಳಕ್ಕೆ ಹೊರಳುತ್ತದೆ. ಹಳೆಯ ಕುಂಟು ಹೋಗಿ, ಅವಳದಲ್ಲದ ಯಾವುದೋ ನಡಿಗೆ ಬಂದಿತ್ತು.

ಇಬ್ಬರೂ ಮನೆಯ ಕಡೆಗಿನ ಬಂಡಿದಾರಿ ಹಿಡಿದರು. ಕಪ್ಪುಮಣ್ಣಿನ ದಾರಿ, ನಡು ಎತ್ತರ, ಅಂಚು ಇಳಿಜಾರು. ಅಫಜಲಪುರದ ಕಾಲೇಜಿಗೆ ಹೋಗುವಾಗ ಸೂರ್ಯಕಾಂತ ಅವಳನ್ನು ಯಾವಾಗಲೂ ಬಲ ಅಂಚಿನಲ್ಲಿ ನಡೆಸುತ್ತಿದ್ದ. ಆಗ ಎಡಗಾಲು ಎತ್ತರದ ಮೇಲೆ ಬಂದು, ಕುಂಟು ಕಾಣುತ್ತಲೇ ಇರಲಿಲ್ಲ. ಅವಳ ಪಕ್ಕದಲ್ಲಿ ತಾನು ಜಾಲಿಮುಳ್ಳಿನ ಮೇಲೆ ನಡೆಯುತ್ತಿದ್ದ. ಎಂಥ ದಿನಗಳವು...

ಇಂದೂ ರೂಢಿಯಂತೆ ಬಲ ಅಂಚಿಗೆ ಕೈ ತೋರಿಸಿದ. ಅವಳೂ ಮರೆತು ಅತ್ತಲೇ ನಡೆದಳು. ಸಮನಾದ ಕಾಲು ಎತ್ತರಕ್ಕೆ ತಾಗಿ, ಪಾದ ಹೊರಳಿ, ಅಂಗೈ ಊರಿ ಬಿದ್ದಳು.

ಎಬ್ಬಿಸಲು ಬಂದ ಕೈಯನ್ನು ಸರಿಸಿದಳು.

“ನಿನಗ ಹಳೇ ಕುಂಟೀನೇ ಬೇಕೇನು? ಕಾಲು ಸಮ ಆದ್ರೂ ನಿನ್ನ ಕಣ್ಣಾಗ ನಾ ಸಮ ಆಗಲಿಲ್ಲ.”

ಅವಳು ದಾರಿಬದಿಯ ಕಲ್ಲಿನ ಮೇಲೆ ಕುಳಿತಳು. ‘ಬರೀ ಕನಿಕರವೇ ಇದ್ದರೆ ಇವನನ್ನು ಇಲ್ಲಿಗೇ ಬಿಡಬೇಕು’ ಎಂದು ಮನಸ್ಸು ಗಟ್ಟಿ ಮಾಡತೊಡಗಿದಳು.

ಅವನು ಎದುರಿಗೆ ಬಂದು ನಿಂತು ಅಂದ: “ನನ್ನ ಕಾಲಿಗೇ ನಿನ್ನ ನಡಿಗಿ ರೂಢಿ ಆಗ್ಯದ, ಮಧು. ನೀ ಇಲ್ಲದಾಗೂ ಅಂಚಿನ ಮ್ಯಾಲೇ ಹೋಗ್ತೇನಿ. ಹವಳಗಾ ಸಕ್ಕರಿ ಫ್ಯಾಕ್ಟರಿಯಾಗ ನನ್ನ ಜೋಡಿ ದುಡಿಯೋ ಮೌಲಾಲಿ ನಗತಾನ, ‘ಲೇ, ನಡುವ ರಸ್ತಾ ಖಾಲಿ ಅದ, ಮುಳ್ಳೇನು ನಿಮ್ಮಪ್ಪನ ಆಸ್ತಿ ಏನು?’ ಅಂತ.”

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು. ವರ್ಷವಿಡೀ ತಾನಿಲ್ಲದ ದಾರಿಯಲ್ಲೂ ಇವನು ಮುಳ್ಳು ತುಳಿದನೇ?

ಆಮೇಲೆ ಅವಳು ಎಲ್ಲವನ್ನೂ ಹೇಳಿಕೊಂಡಳು. ದಿನವೂ ಯಾರಾದರೂ ಹಿಮ್ಮಡಿ ಹಿಡಿದು ಪಾದವನ್ನು ಮೇಲಕ್ಕೆ ಒತ್ತಬೇಕು. ಒತ್ತದಿದ್ದರೆ ಪಾದ ಹೀಗೆಯೇ ಉಳಿಯುತ್ತದೆ. ತಾಯಿ ಮರೆಮ್ಮ ಒತ್ತುತ್ತಾಳೆ, ಆದರೆ ಮಗಳು ನೋವಿಗೆ ಅತ್ತರೆ ಕೈ ಬಿಟ್ಟುಬಿಡುತ್ತಾಳೆ.

ಸೂರ್ಯಕಾಂತ ಮಣ್ಣಿನಲ್ಲೇ ಮಂಡಿಯೂರಿ ಕೈ ಚಾಚಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

“ಬ್ಯಾಡ. ಯಾರರ ನೋಡಿದ್ರ?”

“ಲಗ್ನದಾಗ ಊರೆಲ್ಲಾ ನೋಡ್ತದ. ಕಾಲುಂಗುರ ತೊಡಿಸೋವಾಗ ಇದೇ ಕಾಲು ಹಿಡೀತೇನಿ.”

“ಆಮ್ಯಾಲ?”

“ದಿನಾ ಹಿಡೀತೇನಿ.”

ಅವಳು ಮೆಲ್ಲಗೆ ಪಾದವನ್ನು ಅವನ ಅಂಗೈಯಲ್ಲಿ ಇಟ್ಟಳು.

“ಅಳ್ತೇನಿ, ನೋಡು.”

“ಅಳು. ನಾ ಬಿಡಂಗಿಲ್ಲ.”