ಮೊದಲ ಬುಟ್ಟಿ

ದೀಪಾವಳಿ ಮುಗಿದು ಕಬ್ಬಿನ ಗಾಡಿಗಳು ರಸ್ತೆಗಿಳಿದಿದ್ದವು. ನಿಪ್ಪಾಣಿಯಿಂದ ಕೊಗನೊಳ್ಳಿಗೆ ಹೋಗುವ ಹೆದ್ದಾರಿಯ ಎರಡೂ ಮಗ್ಗುಲಿಗೆ ಬೆಲ್ಲದ ಗಾಣಗಳ ಹೊಗೆ. ಬಾಪುಸಾಹೇಬನ ಹೊಸ ಲಾಜಿನ ಅಂಗಳದಲ್ಲಿ ಬೆಳಗಿನ ಕೆಲಸ ಆಗಲೇ ಹತ್ತಿತ್ತು. ಕೆಲವರು ಮರಳು ಸೋಸುತ್ತಿದ್ದರು, ಕೆಲವರು ಖಡಿಕಲ್ಲು ತುಂಬುತ್ತಿದ್ದರು. ಲಾರಿಗಳು ನಿಲ್ಲಲೆಂದು ಅಲ್ಲಿ ಕಾಂಕ್ರೀಟಿನ ನೆಲ ಏಳುತ್ತಿತ್ತು. ನಿನ್ನೆ ಹಾಕಿದ ಚೌಕಗಳಿಗೆ ನೀರುಣಿಸಲು ಗಂಗೂಬಾಯಿ ಕೊಡ ಹೊತ್ತು ರಸ್ತೆ ಕಡೆಯ ಸಾಲಿನ ಮೇಲೆ ಕಾಲಿಟ್ಟಳು.

ಕಾಲು ಹರಡಿನವರೆಗೆ ಹೂತುಹೋಯಿತು.

"ಅಯ್ಯ ಯವ್ವಾ! ಮೇಸ್ತ್ರಿ, ಇದೇನ್ರಿ? ಒಂದ್ ರಾತ್ರಿ ಕಳದ್ರೂ ಅಂಬಲಿ ಇದ್ದಂಗ ಐತಿ!"

ಮೇಸ್ತ್ರಿ ಮುರಗೆಪ್ಪ ಓಡಿಬಂದ. ಬೋರಗಾಂವದವನು; ಮನೆ, ಬಾವಿಕಟ್ಟೆ ಕಟ್ಟಿ ಹೆಸರು ಮಾಡಿದ್ದ. ಇಷ್ಟು ದೊಡ್ಡ ಅಂಗಳ ಇದೇ ಮೊದಲು. ಲಾಜಿನ ಗೋಡೆಗೆ ಹತ್ತಿದ ಸಾಲು ಕಲ್ಲಿನಂತೆ ಬಿಗಿದಿತ್ತು. ರಸ್ತೆ ಕಡೆಯ ಸಾಲು ಮಾತ್ರ ರಾಡಿ. ಅದೇ ಸಿಮೆಂಟು, ಅದೇ ಮರಳು, ಅದೇ ಕೈ—ಆದರೂ?

ಬಾಪುಸಾಹೇಬ ಅವನ ಅಂಗಿಯ ಕೊರಳಪಟ್ಟಿಗೇ ಕೈ ಹಾಕಿದ.

"ಎಲ್ಲಿ ಮಾರಿದಿ ನನ್ನ ಸಿಮೆಂಟಾ? ಬರೇ ಮಣ್ಣ ಕಲಿಸಿ ಹಾಕೀಯಲ್ಲೋ, ಕಳ್ಳ!"

ಕೂಲಿಯವರು, ಚಹದಂಗಡಿಯವರು, ದಾರಿಹೋಕ ಗಾಡಿಯವರು—ಎಲ್ಲರೂ ಕೇಳಿದರು. ಈ ಮಾತು ಸಂಜೆಯೊಳಗೆ ಬೋರಗಾಂವ ಮುಟ್ಟುತ್ತದೆ. ಮುಟ್ಟಿದ ಮೇಲೆ ಮುರಗೆಪ್ಪನನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ?

ಹವಾಲ್ದಾರ ಲಗಮಣ್ಣ ಸೈಕಲ್ ಇಳಿದಾಗ ಮಂದಿ ದಂಡಾಗಿತ್ತು. ರಸ್ತೆಯಾಚೆ ಮೋಟಾರ್‌ಸೈಕಲ್ ಮೇಲೆ ಕುಳಿತ ತಾತ್ಯಾಸಾಹೇಬ ಎಲೆಯಡಿಕೆ ಮೆಲ್ಲುತ್ತಿದ್ದ. ನಿಪ್ಪಾಣಿಯ ತಂಬಾಕಿನ ವಖಾರಿಗಳ ಅಂಗಳಕ್ಕೆಲ್ಲ ಫರ್ಸಿಕಲ್ಲು ಹಾಸಿದವನು ಅವನು. ಈ ಕೆಲಸ ಅವನ ಕೈ ತಪ್ಪಿ ಮುರಗೆಪ್ಪನ ಕೈಗೆ ಬಿದ್ದಿತ್ತು.

"ಕಲ್ಲ ಹಾಸಸ್ರಿ ಅಂತ ಬಡಕೊಂಡ್ನಿ," ಎಂದ. "ಇವರಿಗೆ ಮುಂಬೈ ಫ್ಯಾಶನ್ ಬೇಕಾಗಿತ್ತು."

"ಅಂವ ನಿನ್ನೆ ಸಂಜೀಕ ಇಲ್ಲೇ ಸುಳದಾಡಾಕತ್ತಿದ್ದ!" ಎಂದು ಯಾರೋ ಕೂಗಿದರು. "ರಸ್ತೆ ಕಡೀ ಸಾಲ ಅಷ್ಟ ಕೆಟ್ಟೈತಿ. ಏನರ ಸುರದಿರಬೇಕು!"

ಲಗಮಣ್ಣ ಲಾಠಿಯನ್ನು ಕೆಟ್ಟ ಚೌಕದೊಳಗೆ ಒತ್ತಿದ. ಅದು ತಡೆಯಿಲ್ಲದೆ ಇಳಿದು ತಳದ ನೆಲಕ್ಕೆ ತಾಗಿತು. ಎರಡನೆಯ ಚೌಕದಲ್ಲೂ ಹಾಗೇ. ಆ ಸಾಲಿನ ಕೊನೆಯದರಲ್ಲಿ ಮಾತ್ರ ಅರ್ಧಕ್ಕೆ ನಿಂತಿತು.

"ಮ್ಯಾಲಿಂದ ಸುರದಿದ್ರ ಮ್ಯಾಲಷ್ಟ ಕೆಡಬೇಕಿತ್ತು," ಎಂದು ತನಗೇ ಹೇಳಿಕೊಂಡ. "ಇದು ತಳಾ ಮುಟ್ಟ ಕೆಟ್ಟೈತಿ."

ಮಿಕ್ಸರ್ ಪಕ್ಕದ ನೀರಿನ ಡ್ರಮ್ಮಿನ ಹತ್ತಿರ ಹೆಜ್ಜೆ ಇಡುವಷ್ಟರಲ್ಲಿ ಬಾಪುಸಾಹೇಬನ ಹೆಂಡತಿ ರಾಜಮತಿ ಕೈ ಅಡ್ಡ ಹಿಡಿದಳು.

"ನೋಡಿ ಕಾಲಿಡ್ರಿ ಹವಾಲ್ದಾರ್ರ. ಇರಿವಿ ಅದಾವ. ಬೆಳಗಿನಿಂದ ಯಾರಿಗೂ ತುಳ್ಯಾಕ ಕೊಟ್ಟಿಲ್ಲ. ಜೀವ ಅಲ್ಲೇನ್ರಿ ಅವೂ?"

ಡ್ರಮ್ಮಿನ ಬುಡದಲ್ಲಿ ಕಪ್ಪು ಮುತ್ತಿಗೆ. ಲಗಮಣ್ಣ ಬಗ್ಗಿ ನೋಡಿದ. ನೀರಿನ ಡ್ರಮ್ಮಿಗೆ ಇರುವೆಗೇನು ಕೆಲಸ?

"ನಿನ್ನೆ ಇಲ್ಲೇ ಎಲ್ಲಾರೂ ಉಂಡ್ರೇನ್ರಿ?"

"ಹೂಂ ರಿ. ಮಧ್ಯಾನ ನಮ್ಮ ಅಕ್ಕಾರು ಬುತ್ತಿ ತಂದಿದ್ರು. ತಮ್ಮ ಗಾಣದಿಂದ ಒಂದ್ ತುಂಬಿದ ಗಡಿಗಿ ಬೆಲ್ಲದ ಕಾಕವೀನೂ ಹೊತ್ಕೊಂಡ ಬಂದಿದ್ರು. ಅಂಥ ಮನಸ ರಿ ಅವರದು!"

ಅಕ್ಕ ಎಂದರೆ ಲಕ್ಷ್ಮಿಬಾಯಿ, ಬಾಪುಸಾಹೇಬನ ಅಣ್ಣ ಕಾಕಾಸಾಹೇಬನ ಹೆಂಡತಿ. ಲಾಜಿನ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದ ಆಕೆ ತಲೆಯೆತ್ತಲಿಲ್ಲ.

ಲಗಮಣ್ಣ ಗಂಗೂಬಾಯಿಯನ್ನು ಮರಳಿನ ರಾಶಿಯ ಹಿಂದಕ್ಕೆ ಕರೆದ. ಆಕೆ ಕಾಲಿನ ಸಿಮೆಂಟು ತೊಳೆಯುತ್ತಿದ್ದಳು.

"ನಿನ್ನೆ ಏನ್ ಉಂಡ್ರಿಬೇ?"

"ರೊಟ್ಟಿ, ಝುಣಕಾ, ಶೇಂಗಾ ಚಟ್ನಿ, ಮಜ್ಜಿಗಿ. ಯಾಕ್ರಿ, ಹಸಿವ್ಯಾಗೇತೇನ್ರಿ?"

"ಸೀ ಏನೂ ಇರಲಿಲ್ಲ?"

"ನಮ್ಮ ಹಣೇದಾಗ ಎಲ್ಲಿ ಸೀ ರಿ? ಮುಂಜಾನೆ ಪೂಜಾದಾಗ ಒಂದ್ ಚೂರು ಬೆಲ್ಲ ಕೊಟ್ರು, ಮುಗೀತು."

"ಪೂಜಾ ಹೆಂಗಾತು?"

ಗಂಗೂಬಾಯಿ ದನಿ ತಗ್ಗಿಸಿದಳು. "ಕಾಂಕ್ರೀಟಿಂದು ಮೊದಲ ಬುಟ್ಟಿ ಮನಿ ಹಿರೇ ಮುತ್ತೈದಿ ಹಾಕಬೇಕಲ್ರಿ? ಹಿರೇ ಅವ್ವಾರು ಕೈ ತೊಳಕೊಂಡು, ಸೆರಗ ಸಿಗಿಸಿಕೊಂಡು ನಿಂತ್ರು. ಫೋಟೋದಂವ ಬಂದಾ. ಸಾವ್ಕಾರ್ರು, 'ರಾಜಮತಿ, ನೀ ಬಾ, ಜರದ ಸೀರಿ ಚಂದ ಬರ್ತೈತಿ' ಅಂದ್ರು. ಸಣ್ಣ ಅವ್ವಾರು ಹಾಕಿದ್ರು."

"ಹಿರೇ ಅವ್ವಾರು?"

"ನಕ್ಕರ್ರಿ. ಎಲ್ಲಾರಿಗೂ ಕೇಳೂಹಂಗ ನಕ್ಕರು."

ರಾಯಬಾಗದಲ್ಲಿ ತಮ್ಮನ ಮನೆಗೆ ಟ್ರ್ಯಾಕ್ಟರ್ ಬಂದ ದಿನ ಲಗಮಣ್ಣನೂ ಹಾಗೆಯೇ ನಕ್ಕಿದ್ದ. ಕೊಟ್ಟ ಪೇಡೆ ಬಾಯಲ್ಲಿ ಮಣ್ಣಾಗಿತ್ತು. ಆ ನಗೆಯ ತೂಕ ಅವನಿಗೆ ಗೊತ್ತು.

ರಸ್ತೆ ದಾಟಿ ತಾತ್ಯಾಸಾಹೇಬನ ಮುಂದೆ ನಿಂತ.

"ನಿನ್ನೆ ಮಧ್ಯಾನ ಎಲ್ಲಿದ್ರಿ?"

"ಚಿಕ್ಕೋಡಿ ಕೋರ್ಟಿನ್ಯಾಗ. ಸಂಜೀಕ ಬಂದ್ ನೋಡಿದ್ದು ಖರೆ. ಹೊಟ್ಟಿ ಉರೀತು, ನೋಡಿದ್ನಿ. ನೋಡಾಕ ನಿಮ್ಮ ಪರವಾನಗಿ ಬೇಕೇನ್ರಿ?"

"ಸಿಮೆಂಟ್ ಹಿಂಗ ಕೆಟ್ಟಿದ್ದು ಎಲ್ಲ್ಯರ ಕಂಡೀರೇನು?"

"ಒಮ್ಮೆ. ಕಾಕಾಸಾಹೇಬನ ಗಾಣದ ಮನ್ಯಾಗ. ಹೋದ ವರ್ಷ ಅಲ್ಲಿ ನೆಲಾ ನಾನ ಮಾಡಿಸಿದ್ದೆ. ನಮ್ಮ ಹುಡುಗುರು ಕಡಾಯಿ ತೊಳದ ನೀರಾಗ ಸಿಮೆಂಟ್ ಕಲಿಸಿಬಿಟ್ರು. ಸೀ ನೀರಿಗೆ ಸಿಮೆಂಟ್ ಹಿಡ್ಯೂದಿಲ್ರಿ. ಎಲ್ಲಾ ಕಿತ್ತ್ ಒಗದ್ವಿ. ಕಾಕಾಸಾಹೇಬ, ಅವರ ಮನ್ಯಾಕಿ—ಇಬ್ಬರೂ ನಿಂತ್ ಬೈದ್ರು."

ಲಗಮಣ್ಣ ತಿರುಗಿ ಬಂದು ಲಾಜಿನ ಕಟ್ಟೆಯ ಮೇಲೆ ಕುಳಿತ. ಬಾಪುಸಾಹೇಬ, ರಾಜಮತಿ, ಮುರಗೆಪ್ಪ ಮೂವರನ್ನೂ ಕರೆದ. ಆಮೇಲೆ ಲಕ್ಷ್ಮಿಬಾಯಿಯ ಕಡೆ ತಿರುಗಿದ.

"ಅವ್ವಾರ, ಒಂದ್ ಕಪ್ ಚಾ ಮಾಡ್ರಿ. ಸಕ್ರಿ ಬ್ಯಾಡ. ನಿನ್ನಿನ ಕಾಕವಿ ಉಳಿದಿದ್ರ ಅದನ್ನ ಹಾಕ್ರಿ."

ಅಕ್ಕಿಯೊಳಗಿನ ಬೆರಳುಗಳು ನಿಂತವು.

"ಉಳದಿಲ್ಲ," ಎಂದಳು. "ಮಂದಿ ತಿಂದ್ರು."

"ಯಾರು? ಗಂಗೂಬಾಯಿ ರೊಟ್ಟಿ ಎಣಿಸಿದ್ಲು, ಚಟ್ನಿ ಎಣಿಸಿದ್ಲು, ಮಜ್ಜಿಗಿ ಎಣಿಸಿದ್ಲು. ಕಾಕವಿ ಎಣಿಸಲಿಲ್ಲ. ತುಂಬಿದ ಗಡಿಗಿ ಬಂತು, ಯಾರ ಎಲಿಗೂ ಬೀಳಲಿಲ್ಲ. ಮತ್ತ ಎಲ್ಲಿ ಹೋತ್ರಿ?"

ಲಗಮಣ್ಣ ಮುರಗೆಪ್ಪನನ್ನು ಕೇಳಿದ, "ಗ್ವಾಡಿ ಕಡೀ ಸಾಲ ಯಾವಾಗ ಹಾಕಿದಿ?"

"ಊಟಕ್ಕಿಂತ ಮೊದಲ್ರಿ."

"ರಸ್ತೆ ಕಡೀದು?"

"ಊಟ ಆದ ಮ್ಯಾಲ..." ಮುರಗೆಪ್ಪನ ಕಣ್ಣುಗಳು ಅಗಲವಾದವು.

"ರಸ್ತೆ ಕಡೀದು ಕೆಟ್ಟೈತಿ ಅಂತ ಎಲ್ಲಾರೂ ರಸ್ತೆ ನೋಡಿದ್ರಿ. ಊಟದ ಹೊತ್ತು ಯಾರೂ ನೋಡಲಿಲ್ಲ. ನೀವೆಲ್ಲಾ ಉಣ್ಣಾಕ ಕುಂತಾಗ ಕಾಕವಿ ಡ್ರಮ್ಮಿನ ನೀರಿಗೆ ಬಿತ್ತು. ಸುರವುವಾಗ ಚೆಲ್ಲಿದ್ದಕ್ಕ ಇರಿವಿ ಬಂದಾವ. ಕೊನೀ ಚೌಕ ಅರ್ಧಾ ಬಿಗದೈತಿ, ಅಷ್ಟೊತ್ತಿಗೆ ಡ್ರಮ್ಮಿಗೆ ಹೊಸಾ ನೀರ ಕೂಡೇತಿ. ಸೀ ನೀರಿನ ಗುಟ್ಟು ಎಲ್ಲಾರಿಗೂ ಗೊತ್ತಿಲ್ಲ. ತಾತ್ಯಾಸಾಹೇಬರು ಚಿಕ್ಕೋಡ್ಯಾಗಿದ್ರು, ಕಾಕಾಸಾಹೇಬರು ಗಾಣದಾಗಿದ್ರು. ಕಾಕವಿ ಗಡಿಗಿ ತಂದವರು ಇಲ್ಲಿದ್ರು."

"ವೈನಿ?" ಎಂದ ಬಾಪುಸಾಹೇಬ, ಅತ್ತಿಗೆಯ ಕಡೆ ತಿರುಗಿ. ದನಿ ಸಣ್ಣ ಹುಡುಗನದಾಗಿತ್ತು.

ಲಕ್ಷ್ಮಿಬಾಯಿ ಮೊರವನ್ನು ಕೆಳಗಿಟ್ಟಳು.

"ನಾ ಈ ಮನಿ ಹೊಸ್ತಿಲಾ ತುಳದಾಗ ನೀ ಚಡ್ಡಿ ಹಾಕ್ತಿದ್ದಿ, ಬಾಪು. ನಿನ್ನ ಮೂಗ ಒರಸಿದ್ದು ಈ ಸೆರಗು. ಲಾಜ್ ನಿಂದಿರಲಿ, ಲಾರಿ ನಿಂದಿರಲಿ, ನಿನ್ನ ಹೇಣ್ತಿಗೆ ಜರದ ಸೀರಿ ಇರಲಿ. ನಾ ಏನ್ ಕೇಳಿದ್ನಿ? ಒಂದ್ ಬುಟ್ಟಿ! ಕೈ ತೊಳಕೊಂಡ್ ನಿಂತಿದ್ನೆಪಾ ನಾ. ಈ ಸೆರಗಿಗೆ ಜರ ಇಲ್ಲ ಅಂತ ಹಿಂದ ಸರಿಸಿದಿ."

ಆಮೇಲೆ ಮುರಗೆಪ್ಪನ ಕಡೆ ನೋಡಿದಳು. "ನಿನ್ನ ಮ್ಯಾಲ ಬರ್ತೈತಿ ಅಂತ ತಿಳೀಲಿಲ್ಲೋ ತಮ್ಮಾ. ತಿಳದ ಮ್ಯಾಲೂ ಬಾಯಿ ಏಳಲಿಲ್ಲ."

ಲಗಮಣ್ಣ ಬಾಪುಸಾಹೇಬನ ಮುಖ ನೋಡಿದ. "ಫಿರ್ಯಾದಿ ಕೊಡ್ತೀರೇನ್ರಿ?"

ಬಾಪುಸಾಹೇಬ ಬೇಡವೆಂದು ತಲೆಯಲ್ಲಾಡಿಸಿದ.

ಕೆಟ್ಟ ಸಾಲನ್ನು ಕಿತ್ತು ಮತ್ತೆ ಹಾಕುವ ದಿನ ಲಗಮಣ್ಣ ಅದೇ ದಾರಿಯಲ್ಲಿ ಬಂದು ಸೈಕಲ್ ನಿಲ್ಲಿಸಿದ. ಅಂದು ಫೋಟೋದವನಿರಲಿಲ್ಲ. ರಾಜಮತಿ ತಾನೇ ಬುಟ್ಟಿ ತುಂಬಿಸಿ ಓರಗಿತ್ತಿಯ ಕೈಗಿಟ್ಟಳು. "ಹಿಡೀರಿ ಅಕ್ಕಾರ." ಲಕ್ಷ್ಮಿಬಾಯಿ ಯಾರ ಮುಖವನ್ನೂ ನೋಡದೆ ಸುರಿದಳು.

ಬಾಪುಸಾಹೇಬ ಮುರಗೆಪ್ಪನ ಹತ್ತಿರ ಬಂದ. "ಖರ್ಚೆಲ್ಲಾ ನಂದು. ಮುಗೀತಲ್ಲ?"

"ಖರ್ಚು ಮುಗೀತ್ರಿ, ಸಾವ್ಕಾರ್ರ. ಅವತ್ತ ಮಂದಿ ಮುಂದ ಕಳ್ಳ ಅಂದ್ರಿ. ಇವತ್ತೂ ಅದ ಮಂದಿ ಅದಾರ. ಆ ಮಾತ ಹಿಂದ ತಗೋರಿ."

ಹೆದ್ದಾರಿಯಲ್ಲಿ ಯಾವುದೋ ಲಾರಿ ಹಾರ್ನ್ ಬಾರಿಸಿತು. "ಖಡಿ ಬಂತೇನ್ ನೋಡ್ತೀನಿ," ಎನ್ನುತ್ತ ಬಾಪುಸಾಹೇಬ ಗೇಟಿನ ಕಡೆ ನಡೆದ. ಲಾರಿ ನಿಲ್ಲದೆ ಹೋಯಿತು. ಅವನು ಹಿಂದಿರುಗಲಿಲ್ಲ.

ಮುರಗೆಪ್ಪ ಡ್ರಮ್ಮಿನಿಂದ ಒಂದು ಬೊಗಸೆ ನೀರೆತ್ತಿ ನಾಲಿಗೆಗೆ ತಾಗಿಸಿದ, ಉಗುಳಿದ, ಮಿಕ್ಸರ್ ಹೊಡೆಯುವವನಿಗೆ ಕೈ ಬೀಸಿದ.