ಖಾಲಿ ತೊಟ್ಟಿಲಿನ ಆಚೆ ಬದಿ

ಬಹಳ ಹಿಂದೆ, ಏಳು ಬೆಟ್ಟಗಳಾಚೆ, ಬಿಳಿಗಲ್ಲು ಎಂಬ ರಾಜ್ಯದಲ್ಲಿ ಒಬ್ಬ ಮಾಂತ್ರಿಕನಿದ್ದ. ಅವನ ಊಟ ಅನ್ನವಲ್ಲ, ಕಣ್ಣೀರು. ಒಂಟಿ ಹೆಂಗಸು ಅತ್ತರೆ ಆ ನೀರು ಹರಿದು ಅವನ ಮಡಕೆಗೆ ಬರುತ್ತಿತ್ತು. ಕುಡಿದಷ್ಟೂ ಅವನ ಆಯಸ್ಸು ಬೆಳೆಯುತ್ತಿತ್ತು.

ಅವನು ರಾಜನಿಗೆ ಹೇಳಿದ: “ಕೂಸು ಸತ್ತ ತಾಯಿಯ ನೆರಳು ಕೆಟ್ಟದ್ದು. ದೂರ ಇಡು.”

ರಾಜ ನಂಬಿದ. ತನ್ನ ಮೈಗೆ ನೋವಾಗದ ಮಾತನ್ನು ರಾಜರು ಬೇಗ ನಂಬುತ್ತಾರೆ. ಊರೂ ನಂಬಿತು. ಅಂಥ ಒಬ್ಬೊಬ್ಬ ತಾಯಿಗೂ ಬೇರೆ ಬೇರೆ ಗುಡಿಸಲು. ಸುತ್ತ ಬೂದಿಯ ಗೆರೆ. ಗೆರೆ ದಾಟಿದವರ ಕಾಲು ಕಲ್ಲಾಗುತ್ತದೆ ಎಂದ ಮಾಂತ್ರಿಕ. ಒಬ್ಬರೂ ದಾಟಿ ನೋಡಲಿಲ್ಲ.

ಒಂದು ಗುಡಿಸಲಿನಲ್ಲಿ ಚಿಕ್ಕೀರಿ ಇದ್ದಳು. ಅವಳ ಮಗ ಮುತ್ತ ಮೂರು ತಿಂಗಳಿಗೇ ಜ್ವರ ಬಂದು ಸತ್ತಿದ್ದ. ಅವಳು ದಿನಾ ಖಾಲಿ ತೊಟ್ಟಿಲು ಒರೆಸುತ್ತಿದ್ದಳು. ಒಲೆಯ ಜೊತೆ ಮಾತಾಡುತ್ತಿದ್ದಳು. ಒಂದೇ ಕೆರೆಯಲ್ಲಿ ಈಜು ಕಲಿತ ಗೆಳತಿ ದ್ಯಾವಿ ಕೂಡ ತಲೆ ತಗ್ಗಿಸಿಕೊಂಡು ದಾರಿಯಲ್ಲಿ ಹೋಗಿಬಿಡುತ್ತಿದ್ದಳು.

ವರ್ಷ ಕಳೆಯಿತು. ಗುಡಿಸಲುಗಳಲ್ಲಿ ಕಣ್ಣೀರು ಬತ್ತಿತು, ಮಡಕೆ ಬರಿದಾಯಿತು. ಹೊಸ ಕಣ್ಣೀರು ಬೇಕೆಂದು ಮಾಂತ್ರಿಕ ದ್ಯಾವಿಯ ಹನ್ನೆರಡು ದಿನದ ಮಗಳ ಮೇಲೆ ಉಸಿರು ಊದಿದ. ಕೂಸು ಕಣ್ಣು ಮುಚ್ಚಿತು, ಅಳು ನಿಂತಿತು.

ಸೂಲಗಿತ್ತಿ ಬೋರಜ್ಜಿ ಮುಟ್ಟಿ ನೋಡಿದಳು. “ಸತ್ತಿಲ್ಲ ಕಣೇ. ಹೆಸರಿಡುವಾಗ ಮಾಡ್ತೀವಲ್ಲ, ಹಾಗೇ ಮಾಡಿದ್ರೆ ಕಣ್ಣು ಬಿಡುತ್ತೆ. ನೀನು ತೊಟ್ಟಿಲ ಕೆಳಗಿಂದ ಕೊಡಬೇಕು, ಆಚೆ ಇನ್ನೊಬ್ಬಳು ಈಸ್ಕೊಂಡು ಮೇಲಿಂದ ವಾಪಸು ಕೊಡಬೇಕು. ಮೂರು ಸಲ. ನನ್ನ ಕೈ ನಡುಗುತ್ತೆ, ಬೀಳಿಸಿಬಿಡ್ತೀನಿ. ಬೇರೆಯವಳನ್ನ ಕರಿ.”

ದ್ಯಾವಿ ಬೀದಿಯ ಬಾಗಿಲುಗಳನ್ನೆಲ್ಲ ತಟ್ಟಿದಳು. ಒಂದೂ ತೆರೆಯಲಿಲ್ಲ. ನಡುಮಧ್ಯಾಹ್ನ ಅವಳು ಕೂಸನ್ನು ಎತ್ತಿಕೊಂಡು ಚಿಕ್ಕೀರಿಯ ಗುಡಿಸಲಿನ ಬೂದಿಯ ಗೆರೆಯ ಮುಂದೆ ನಿಂತಳು. ಕಣ್ಣು ಮುಚ್ಚಿ ಕಾಲಿಟ್ಟಳು. ಕಾಲು ಕಾಲಾಗಿಯೇ ಇತ್ತು.

“ಯಾಕೆ ಬಂದೆ?” ಎಂದಳು ಚಿಕ್ಕೀರಿ. “ನಾನು ಸತ್ತಿದ್ದೀನಾ ಅಂತ ನೋಡೋಕಾ?”

“ತಪ್ಪಾಯ್ತು ಕಣೇ. ಹೆದರಿಬಿಟ್ಟೆ.”

“ಬರೀ ಬೂದಿಗೆ ಹೆದರಿದೆಯಾ? ಒಂದು ವರ್ಷ?”

“ಬಯ್ಯಿ. ಎಷ್ಟಾದರೂ ಬಯ್ಯಿ. ಕೂಸು ಎತ್ಕೊಂಡು ಬಯ್ಯಿ.”

ದ್ಯಾವಿ ಬೋರಜ್ಜಿಯ ಮಾತು ಹೇಳಿದಳು. ಚಿಕ್ಕೀರಿ ತನ್ನ ಖಾಲಿ ತೊಟ್ಟಿಲ ಆಚೆ ಬದಿಗೆ ಹೋಗಿ ಕೂತಳು.

ಮೊದಲ ಸಲ ಕೂಸು ಕೆಂಡದಂತೆ ಸುಟ್ಟಿತು. ಚಿಕ್ಕೀರಿ ಬಿಡಲಿಲ್ಲ, ಮೇಲಿಂದ ಕೊಟ್ಟಳು.

ಎರಡನೇ ಸಲ ಕೂಸು ಬೀಸುಕಲ್ಲಿನಂತೆ ಭಾರವಾಯಿತು. ಬಿಡಲಿಲ್ಲ, ಕೊಟ್ಟಳು.

ಮೂರನೇ ಸಲ ಕೂಸಿಗೆ ಮುತ್ತನ ಮುಖ ಬಂತು. ಅದು ನಕ್ಕಿತು. ಕಿಟಕಿಯಲ್ಲಿ ಕಾಗೆಯಾಗಿ ಕೂತಿದ್ದ ಮಾಂತ್ರಿಕ ಹೇಳಿದ: “ವಾಪಸು ಕೊಡಬೇಡ. ನನ್ನದು ಅನ್ನು, ನಿನ್ನದೇ ಆಗುತ್ತೆ. ಅವಳು ನಿನಗೇನು ಮಾಡಿದಳು?”

ಚಿಕ್ಕೀರಿಯ ಕೈ ಬಿಗಿಯಾಯಿತು. ಆ ಗಲ್ಲ, ಆ ಹಣೆ, ಆ ಹಾಲಿನ ವಾಸನೆ. ತೊಟ್ಟಿಲ ಇನ್ನೊಂದು ಬದಿಯಲ್ಲಿ ದ್ಯಾವಿ ಕೈ ಚಾಚಿದ್ದಳು.

“ನನ್ನ ಮುತ್ತ ಸತ್ತುಹೋದ,” ಎಂದಳು ಚಿಕ್ಕೀರಿ. ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. “ಇದು ದ್ಯಾವಿ ಕೂಸು.”

ಕೊಟ್ಟಳು.

ಕೂಸು ಕಿಟಾರನೆ ಕಿರುಚಿತು. ಗೆಳತಿಯರಿಬ್ಬರೂ ತಬ್ಬಿಕೊಂಡು ಅತ್ತರು, ಒಬ್ಬಳು ಸತ್ತ ಮಗನಿಗೆ, ಇನ್ನೊಬ್ಬಳು ಬರದೇ ಹೋದ ವರ್ಷಕ್ಕೆ. ಜೊತೆಗೂಡಿ ಅತ್ತ ಕಣ್ಣೀರು ಮಡಕೆ ಮುಟ್ಟಿದ್ದೇ ಮಡಕೆ ಒಡೆಯಿತು. ಕಾಗೆ ಒಣಗಿ ತರಗೆಲೆಯಾಗಿ ಗಾಳಿಗೆ ಹೋಯಿತು.

ಸಂಜೆಯೊಳಗೆ ಗೆಳತಿಯರು ಎಲ್ಲ ಗುಡಿಸಲುಗಳ ಗೆರೆಯನ್ನೂ ಕಾಲಲ್ಲಿ ಅಳಿಸಿದರು. ರಾಜ ಕ್ಷಮೆ ಕೇಳಲು ಬಂದ. ಯಾರೂ ಮಣೆ ಹಾಕಲಿಲ್ಲ. ನಿಂತೇ ಕೇಳಿ ಹೋದ.

ಮುತ್ತ ತಿರುಗಿ ಬರಲಿಲ್ಲ. ಚಿಕ್ಕೀರಿ ಆಮೇಲೂ ಎಷ್ಟೋ ದಿನ ಅತ್ತಳು. ಒಂದು ದಿನ ಅವಳೇ ದ್ಯಾವಿಯನ್ನು ಕೂಗಿದಳು: “ಹಾಲು ಕುಡಿಸಿ ಇಲ್ಲಿ ಮಲಗಿಸೇ, ನಾನು ತೂಗ್ತೀನಿ.”

ಆ ಹುಡುಗಿ ಎರಡು ಮನೆಯಲ್ಲಿ ಬೆಳೆದಳು. ಊರಲ್ಲಿ ಯಾರ ಮನೆಯಲ್ಲಿ ಹೆಸರಿಟ್ಟರೂ ತೊಟ್ಟಿಲ ಆಚೆ ಬದಿಗೆ ಮೊದಲು ಕರೆಯುವುದು ಕೂಸು ಕಳೆದುಕೊಂಡವಳನ್ನೇ ಎಂದಾಯಿತು. ಹಾಗೆ ಎಲ್ಲರೂ ಚೆನ್ನಾಗಿ ಬಾಳಿದರು.