ಲೈಲ್ ಜೊತೆ ಜಿಂಕೆ ಎಳೆದದ್ದು

ಕಳೆದ ಅಕ್ಟೋಬರ್‌ನಲ್ಲಿ, ವಿಸ್ಕಾನ್ಸಿನ್‌ನ ನಮ್ಮ ಮೆಕ್ಕೆಜೋಳದ ಹೊಲದಾಚೆಯ ಓಕ್ ಕಾಡಿನಲ್ಲಿ ನಡೆದದ್ದು ಇದು. ಸಂಜೆ ನನ್ನ ಗೆಳೆಯ ಲೈಲ್ ಬಿಟ್ಟ ಬಾಣ ಗಂಡು ಜಿಂಕೆಯ ಪಕ್ಕೆಗೆ ನಾಟಿತು. ರಕ್ತದ ಜಾಡು ಹಿಡಿದು ಹೋದರೆ ಅದು ಹಳ್ಳದ ಬದಿಯಲ್ಲಿ ಸತ್ತು ಬಿದ್ದಿತ್ತು.

“ಎಂಥಾ ಕೊಂಬು ನೋಡೋ! ಇನ್ನಾದ್ರೂ ನನ್ನ ಗುರಿ ಬಗ್ಗೆ ಬಾಯಿ ಮುಚ್ತೀಯಾ?” ಎಂದು ಲೈಲ್ ನಕ್ಕ.

ಕರುಳು ತೆಗೆದು, ಒಬ್ಬೊಬ್ಬರು ಒಂದೊಂದು ಕೊಂಬು ಹಿಡಿದು ಎಳೆಯತೊಡಗಿದೆವು. ಕತ್ತಲಾಗುತ್ತಿತ್ತು. ನನ್ನ ಬೆನ್ನ ಹಿಂದೆಯೇ ಯಾರೋ ಏದುಸಿರು ಬಿಡುವುದು ಕೇಳಿಸಿತು. ನಾವು ನಿಂತರೆ ಅದೂ ನಿಲ್ಲುತ್ತಿತ್ತು. ಬೆವೆತ ಕುತ್ತಿಗೆಗೆ ತಾಗಿದ ಆ ಉಸಿರು ಮಂಜುಗಡ್ಡೆಯಂತೆ ತಣ್ಣಗಿತ್ತು. ಲೈಲ್ ಮಾತ್ರ ಸಿಳ್ಳೆ ಹಾಕುತ್ತಿದ್ದ.

“ಟ್ರಕ್ ಇಲ್ಲಿಗೇ ತರ್ತೀನಿ, ನೀನು ಇಲ್ಲೇ ಇರು,” ಎಂದು ಓಡಿದೆ. ಹೊಲದ ಈಚೆ ನಿಲ್ಲಿಸಿದ್ದ ಟ್ರಕ್ ಹತ್ತಿ ಬಾಗಿಲು ಭದ್ರ ಮಾಡಿಕೊಂಡು ಕೂತೆ. ಗೆಳೆಯನನ್ನು ಅಲ್ಲಿ ಬಿಟ್ಟು ಬಂದೆನಲ್ಲ ಎಂದು ನಾಚಿಕೆಯಾಗುತ್ತಿತ್ತು. ಆದರೂ ಕೀಲಿ ತಿರುಗಿಸಲು ಕೈ ಬರಲಿಲ್ಲ.

ಕೊನೆಗೆ ಲೈಲ್ ಜಿಂಕೆ ಎಳೆದುಕೊಂಡು ಹೊಲದಿಂದ ಹೊರಬಂದ. ಬೈಗುಳ ತಿನ್ನಲು ಸಿದ್ಧನಾಗಿ ಕೆಳಗಿಳಿದೆ.

“ಟ್ರಕ್ ತರ್ತೀನಿ ಅಂದೋನು ಬರಿಗೈಲಿ ವಾಪಸ್ ಬಂದಾಗ ನಂಗೆ ಮೈ ಉರಿದುಹೋಗಿತ್ತು ಕಣೋ. ಆದ್ರೂ ಬೇಲಿ ತನಕ ಜೊತೆಗೆ ಎಳೆದ್ಯಲ್ಲ, ಉಪಕಾರ ಆಯ್ತು. ಅಲ್ಲಾ, ದಾರೀಲಿ ಏನು ಕೇಳಿದ್ರೂ ಯಾಕೋ ಮಾತಾಡ್ಲಿಲ್ಲ?”

“ಸುಸ್ತಾಗಿತ್ತು,” ಎಂದೆ.

ಆ ಶನಿವಾರ ಅವನ ಹೆಂಡತಿ ಡಾರ್ಲಾ ಜಿಂಕೆ ಮಾಂಸ ಹುರಿದು, “ಕಷ್ಟಕ್ಕಾಗೋ ಸ್ನೇಹಿತ ಅಂದ್ರೆ ನೀನೇ,” ಎಂದು ನನಗೇ ಮೊದಲು ಬಡಿಸಿದಳು. ನಾನು ತಲೆ ಎತ್ತದೆ ತಿಂದೆ.